ಎಂಟನೇ ಮತ್ತು ಒಂಬತ್ತನೇ ಅಂಕಿ

ಯುಗೊಸ್ಲಾವಿಯದ ಬೋಸ್ನಿಯ ಗಣರಾಜ್ಯದ ರಾಜಧಾನಿ ಸರಾಯೆವೊದಲ್ಲಿ 1978ರ ಮೇ 25ರಂದು ಹೆಣ್ಣುಮಗುವೊಂದು ಹುಟ್ಟಿತು ಎಂದುಕೊಳ್ಳಿ. ಸರ್ಕಾರ ಅದಕ್ಕೆ ಕೊಡುವ ಗುರುತಿನ ಸಂಖ್ಯೆ 2505978 ಎಂದು ಶುರುವಾಗುತ್ತದೆ. ದಿನ, ತಿಂಗಳು, ವರ್ಷದ ಕೊನೆಯ ಮೂರಂಕಿ. ಅದರ ಬೆನ್ನಿಗೆ 17. ಆಮೇಲೆ 500ರಿಂದ 999ರೊಳಗಿನ ಒಂದು ಸಂಖ್ಯೆ. ಗಂಡಾಗಿದ್ದರೆ 000ದಿಂದ 499ರೊಳಗೆ. ಹದಿಮೂರನೆಯದು ತಾಳೆ ನೋಡುವ ಅಂಕಿ. ಹಿಂದಿನ ಹನ್ನೆರಡನ್ನೂ ಗೊತ್ತಾದ ಕ್ರಮದಲ್ಲಿ ಗುಣಿಸಿ, ಕೂಡಿಸಿ, ಹನ್ನೊಂದರಿಂದ ಭಾಗಿಸಿದರೆ ಅದು ಸಿಗಬೇಕು. ಗುಮಾಸ್ತ ಎಲ್ಲೋ ಒಂದಂಕಿ ತಪ್ಪು ಬರೆದರೆ ಲೆಕ್ಕ ಕೂಡುವುದಿಲ್ಲ.

ಯುಗೊಸ್ಲಾವಿಯ ಈ ಸಂಖ್ಯೆಯನ್ನು ತಂದದ್ದು ಎಪ್ಪತ್ತರ ದಶಕದಲ್ಲಿ, ನಮ್ಮ ಆಧಾರ್‌ಗಿಂತ ಮೂರು ದಶಕಕ್ಕೂ ಮೊದಲು. ಆಧಾರ್ ಸಂಖ್ಯೆ ನೋಡಿ ಯಾರ ಊರನ್ನೂ ಹೇಳಲಾಗದು. ಇದರಲ್ಲಿ ಹೇಳಬಹುದು. ಎಂಟನೇ ಮತ್ತು ಒಂಬತ್ತನೇ ಅಂಕಿ ಇರುವುದೇ ಅದಕ್ಕೆ: 10ರಿಂದ 19 ಬೋಸ್ನಿಯ, 20ರ ಸಾಲು ಮಾಂಟೆನಿಗ್ರೊ, 30ರದ್ದು ಕ್ರೊಯೇಷಿಯ, 40 ಮ್ಯಾಸಿಡೋನಿಯ, 50 ಸ್ಲೊವೇನಿಯ, 70 ಸರ್ಬಿಯ, 80 ವೊಯ್ವೊದಿನ, 90 ಕೊಸೊವೊ. ಆರು ಗಣರಾಜ್ಯಗಳು, ಸರ್ಬಿಯದ ಒಳಗೇ ಎರಡು ಸ್ವಾಯತ್ತ ಪ್ರಾಂತ್ಯಗಳು. ಒಟ್ಟು ಎಂಟು ಡಬ್ಬಿ.

ಎರಡನೇ ಮಹಾಯುದ್ಧದ ನಂತರ ಯುಗೊಸ್ಲಾವಿಯವನ್ನು ಆಳಿದ ಕಮ್ಯುನಿಸ್ಟ್ ನಾಯಕ ಟಿಟೊನ ಆಳ್ವಿಕೆ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂಬ ವಾದ ಅವನು ಸತ್ತು ನಾಲ್ಕು ದಶಕ ದಾಟಿದರೂ ಮುಗಿದಿಲ್ಲ. ಗ್ಯಾಲಪ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 1991-92ರಲ್ಲಿ ದೇಶ ಒಡೆದದ್ದರಿಂದ ಕೆಡುಕೇ ಆಯಿತು ಎಂದವರು ಸರ್ಬಿಯದಲ್ಲಿ ಶೇ. 81, ಬೋಸ್ನಿಯದಲ್ಲಿ ಶೇ. 77. ಕೊಸೊವೊದಲ್ಲಿ ಶೇ. 10 ಮಾತ್ರ. ಒಂದೇ ಸರ್ಕಾರದ ಬಗ್ಗೆ ಇಷ್ಟು ದೂರ ದೂರದ ತೀರ್ಪು ಬರುತ್ತದೆಂದರೆ ಒಳ್ಳೆಯದು ಇಷ್ಟು, ಕೆಟ್ಟದ್ದು ಇಷ್ಟು ಎಂದು ತಕ್ಕಡಿಗೆ ಹಾಕಿ ಪ್ರಯೋಜನವಿಲ್ಲ. ಆ ವ್ಯವಸ್ಥೆ ಹಣ, ಹುದ್ದೆ, ಬಂದೂಕು, ಮತ ಎಲ್ಲವನ್ನೂ ಈ ಎಂಟು ಡಬ್ಬಿಗಳಲ್ಲಿ ವಿಂಗಡಿಸಿ ತುಂಬಿತು. ಮುಚ್ಚಳಗಳೆಲ್ಲ ಒಬ್ಬನ ಕೈಯಲ್ಲಿದ್ದವು. ಜನ ಮೆಚ್ಚುವುದೂ ಶಪಿಸುವುದೂ ಬಹುಪಾಲು ಈ ಒಂದೇ ಏರ್ಪಾಟಿನ ಎರಡು ಮಗ್ಗುಲುಗಳನ್ನು.

1981ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ 2 ಕೋಟಿ 24 ಲಕ್ಷ. ಸರ್ಬರು ಶೇ. 36, ಕ್ರೊಯೇಷಿಯನ್ನರು ಶೇ. 20ರ ಹತ್ತಿರ, ಮುಸ್ಲಿಮರು ಶೇ. 9, ಸ್ಲೊವೇನಿಯನ್ನರು ಮತ್ತು ಅಲ್ಬೇನಿಯನ್ನರು ತಲಾ ಶೇ. 8ರ ಆಸುಪಾಸು, ಮ್ಯಾಸಿಡೋನಿಯನ್ನರು ಶೇ. 6. ಯಾರಿಗೂ ಬಹುಮತವಿಲ್ಲ. (ಇಲ್ಲಿ ‘ಮುಸ್ಲಿಮ್’ ಎನ್ನುವುದು ಜನಾಂಗದ ಹೆಸರು, 1971ರ ಜನಗಣತಿಯಿಂದ ಸಿಕ್ಕ ಮಾನ್ಯತೆ. ನಮಾಜು ಮಾಡದ ಕಮ್ಯುನಿಸ್ಟನೂ ಆ ಕಾಲಮಿನಲ್ಲೇ ಬರೆಸಬಹುದಿತ್ತು.) ಅಲ್ಲಿನ ಕಾನೂನು ಎರಡು ಪದಗಳನ್ನು ಬೇರೆ ಮಾಡಿತ್ತು: ‘ನಾರೋದ್’ ಅಂದರೆ ಸ್ವಂತ ಗಣರಾಜ್ಯಕ್ಕೆ ಅರ್ಹವಾದ ಜನಾಂಗ, ‘ನಾರೋದ್ನೊಸ್ತ್’ ಅಂದರೆ ದೇಶದ ಹೊರಗೆ ತನ್ನದೇ ರಾಷ್ಟ್ರವಿರುವ ಜನಾಂಗ, ಅದಕ್ಕೆ ಗಣರಾಜ್ಯವಿಲ್ಲ. ಆರು ಲಕ್ಷ ತುಂಬದ ಮಾಂಟೆನಿಗ್ರೊದವರಿಗೆ ಗಣರಾಜ್ಯವಿತ್ತು. ಹದಿನೇಳು ಲಕ್ಷ ದಾಟಿದ, ಹೆಚ್ಚಾಗಿ ಕೊಸೊವೊದಲ್ಲಿದ್ದ ಅಲ್ಬೇನಿಯನ್ನರಿಗೆ ಇರಲಿಲ್ಲ. 1981ರ ಮಾರ್ಚ್‌ನಲ್ಲಿ ಕೊಸೊವೊದ ರಾಜಧಾನಿ ಪ್ರಿಷ್ಟಿನಾದ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಅಡುಗೆ ಸರಿಯಿಲ್ಲವೆಂದು ಎದ್ದ ಗಲಾಟೆ ಕೆಲವೇ ವಾರಗಳಲ್ಲಿ ‘ಕೊಸೊವೊ ಗಣರಾಜ್ಯ’ ಎಂಬ ಘೋಷಣೆಗೆ ತಿರುಗಿತು. ಪಡೆಗಳು ಬಂದವು, ಜನ ಸತ್ತರು, ನೂರಾರು ಹುಡುಗರು ಜೈಲು ಸೇರಿದರು.

ಕೊಟ್ಟದ್ದನ್ನೂ ಹೇಳಬೇಕು, ಅದು ಸಣ್ಣದಲ್ಲ. 1948ರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. 1981ರ ಹೊತ್ತಿಗೆ ಆ ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿದಿತ್ತು. ಯುವಕರ ಶ್ರಮದಾನದ ದಳಗಳು ಶಾಮಾತ್ಸ್‌ನಿಂದ ಸರಾಯೆವೊಗೆ ರೈಲುಹಳಿ ಹಾಕಿದವು, ಝಾಗ್ರೆಬ್‌ನಿಂದ ಬೆಲ್‌ಗ್ರೇಡ್‌ಗೆ ‘ಭ್ರಾತೃತ್ವ-ಏಕತೆ’ ಹೆದ್ದಾರಿ ಕಟ್ಟಿದವು. ಅರವತ್ತರ ದಶಕದ ನಡುವಿನಿಂದ ಕೆಂಪು ಪಾಸ್‌ಪೋರ್ಟ್ ಹಿಡಿದು ಪೂರ್ವಕ್ಕೂ ಪಶ್ಚಿಮಕ್ಕೂ ಹೋಗಿಬರಬಹುದಿತ್ತು. ಪ್ರಾಗ್, ಬುಡಾಪೆಸ್ಟ್‌ನವರಿಗೆ ಅದು ಕನಸು. ಕಡ್ಡಾಯ ಸೈನಿಕ ಸೇವೆಗೆ ಸ್ಲೊವೇನಿಯದ ಹುಡುಗನನ್ನು ಮ್ಯಾಸಿಡೋನಿಯಕ್ಕೂ ಕೊಸೊವೊದವನನ್ನು ಕ್ರೊಯೇಷಿಯಕ್ಕೂ ಕಳಿಸುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಸುಮಾರು ಎಂಟು ಮದುವೆಗಳಲ್ಲಿ ಒಂದು ಬೇರೆ ಬೇರೆ ಜನಾಂಗದವರ ನಡುವಿನದು.

ನೋಟು ನೋಡಿದರೆ ಆ ಸರ್ಕಾರದ ಮನಸ್ಸು ತಿಳಿಯುತ್ತದೆ. ನಮ್ಮಲ್ಲಿ ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೇ ಸಾಲಿಗೆ ಕನ್ನಡವನ್ನು ಹುಡುಕಿ ಬೆರಳಿಡುವ ಅಭ್ಯಾಸ ಎಷ್ಟೋ ಮಂದಿಗಿದೆ. ಯುಗೊಸ್ಲಾವ್ ದಿನಾರ್ ನೋಟಿನ ಮೇಲೂ ಮೊತ್ತ ಹಲವು ಬಗೆಯಲ್ಲಿ ಅಚ್ಚಾಗುತ್ತಿತ್ತು: ಸರ್ಬೊ-ಕ್ರೊಯೇಷಿಯನ್ ಭಾಷೆ ಲ್ಯಾಟಿನ್ ಮತ್ತು ಸಿರಿಲಿಕ್ ಎರಡೂ ಲಿಪಿಗಳಲ್ಲಿ, ಜೊತೆಗೆ ಸ್ಲೊವೇನಿಯನ್, ಮ್ಯಾಸಿಡೋನಿಯನ್. 1955ರ ಸಾವಿರ ದಿನಾರ್ ನೋಟಿನ ಮೇಲೆ ರಾಜನಿಲ್ಲ, ಸೇನಾಪತಿಯಿಲ್ಲ. ಝೆನಿತ್ಸಾ ಉಕ್ಕಿನ ಕಾರ್ಖಾನೆಯ ಕುಲುಮೆ ಕೆಲಸಗಾರ ಆರಿಫ್ ಹೆರಾಲಿಚ್ ನಗುತ್ತಿದ್ದಾನೆ. ನೋಟಿನ ಮೇಲೆ ಮುಖವಿದ್ದ ಆ ಮನುಷ್ಯ 1971ರಲ್ಲಿ ಸತ್ತದ್ದು ಬಡತನದಲ್ಲಿ. ಅಲ್ಬೇನಿಯನ್ ಭಾಷೆ ಆ ನೋಟಿನ ಮೇಲೆ ಇರಲೇ ಇಲ್ಲ.

ಇನ್ನು ಭಯ. ಯುಗೊಸ್ಲಾವಿಯ ಸ್ಟಾಲಿನ್ ಜೊತೆ 1948ರಲ್ಲಿ ಮುರಿದುಕೊಂಡಿತು. ಮರುವರ್ಷ ಏಡ್ರಿಯಾಟಿಕ್ ಸಮುದ್ರದ ಬೋಳು ದ್ವೀಪ ಗೋಲಿ ಓಟೊಕ್‌ನಲ್ಲಿ ಶಿಬಿರ ತೆರೆಯಿತು. ಸ್ಟಾಲಿನ್ ಪರ ಎಂಬ ಗುಮಾನಿಗೆ ಸಿಕ್ಕವರನ್ನು ಹಡಗಿನಲ್ಲಿ ತಂದು ಇಳಿಸುತ್ತಿದ್ದರು. ಮೊದಲೇ ಇದ್ದ ಕೈದಿಗಳು ಎರಡು ಸಾಲಾಗಿ ನಿಂತು ಹೊಸಬರನ್ನು ನಡುವೆ ಓಡಿಸಿ ಹೊಡೆಯಬೇಕು. ಮೆಲ್ಲಗೆ ಹೊಡೆದವನಿಗೂ ಅದೇ ಗತಿ. ಕಾವಲಿನವರು ಕೈ ಕೊಳೆ ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಬಂಡೆ ಒಡೆಯುವುದು, ಕಲ್ಲು ಮೇಲಕ್ಕೆ ಹೊರುವುದು, ಅದೇ ಕಲ್ಲನ್ನು ಕೆಳಕ್ಕೆ ಇಳಿಸುವುದು. 1956ರವರೆಗೆ ಸುಮಾರು 13 ಸಾವಿರ ಜನ ಅಲ್ಲಿ ಹಾದುಹೋದರು, ಸುಮಾರು 400 ಮಂದಿ ಸತ್ತರು. ಹೆಚ್ಚಿನವರು ಹಿಟ್ಲರನ ವಿರುದ್ಧ ಕಾದಾಡಿದ ಕಮ್ಯುನಿಸ್ಟರೇ.

ಆಮೇಲೆ ಭಯ ಮೆತ್ತಗಾಯಿತು, ಹೋಗಲಿಲ್ಲ. ದಂಡ ಸಂಹಿತೆಯ 133ನೇ ಕಲಂ ‘ವೈರಿ ಪ್ರಚಾರ’ಕ್ಕೆ ಒಂದರಿಂದ ಹತ್ತು ವರ್ಷ ಜೈಲು ವಿಧಿಸುತ್ತಿತ್ತು. ಜನ ಅದನ್ನು ‘ಮಾತಿನ ಅಪರಾಧ’ ಎಂದೇ ಕರೆಯುತ್ತಿದ್ದರು. 1983ರಲ್ಲಿ ಸರಾಯೆವೊದಲ್ಲಿ 13 ಮುಸ್ಲಿಮರ ಮೇಲೆ ವಿಚಾರಣೆ ನಡೆದು, ಅಲಿಯಾ ಇಜೆತ್‌ಬೆಗೊವಿಚ್‌ಗೆ 14 ವರ್ಷ ಶಿಕ್ಷೆಯಾಯಿತು. ಕ್ರೊಯೇಷಿಯದ ಫ್ರಾನ್ಯೊ ತುಜ್‌ಮನ್ 1972ರಲ್ಲೂ 1981ರಲ್ಲೂ ಶಿಕ್ಷೆಗೊಳಗಾದ. 1990ರಲ್ಲಿ ಚುನಾವಣೆ ಬಂದಾಗ ಜೈಲು ಕಂಡ ಈ ಇಬ್ಬರೂ ತಮ್ಮ ತಮ್ಮ ಗಣರಾಜ್ಯಗಳ ಚುಕ್ಕಾಣಿ ಹಿಡಿದರು.

ಈ ತುಜ್‌ಮನ್ ಕಥೆಗೆ ಇನ್ನೊಂದು ಎಳೆಯಿದೆ. ಎರಡನೇ ಮಹಾಯುದ್ಧದಲ್ಲಿ ಯುಗೊಸ್ಲಾವಿಯದ 17 ಲಕ್ಷ ಜನ ಸತ್ತರೆಂದು ಸರ್ಕಾರ ಘೋಷಿಸಿತ್ತು. ಜರ್ಮನಿಯಿಂದ ಪರಿಹಾರ ಕೇಳುವಾಗ ಅದೇ ಸಂಖ್ಯೆ. 1964ರಲ್ಲಿ ಸತ್ತವರ ಹೆಸರು ಹಿಡಿದು ಊರೂರು ಎಣಿಸಿದಾಗ ಸಿಕ್ಕದ್ದು ಆರು ಲಕ್ಷಕ್ಕೆ ತುಸು ಕಡಿಮೆ. ಎಣಿಕೆಯಲ್ಲಿ ಬಿಟ್ಟುಹೋದವರಿದ್ದರು, ನಿಜ. ಅದನ್ನು ಸರಿಪಡಿಸುವ ಬದಲು ಪಟ್ಟಿಗೇ ಬೀಗ ಹಾಕಿದರು. ಎಂಬತ್ತರ ದಶಕದಲ್ಲಿ ಒಬ್ಬ ಸರ್ಬ್, ಒಬ್ಬ ಕ್ರೊಯೇಷಿಯನ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಇಬ್ಬರೂ 10 ಲಕ್ಷದ ಹತ್ತಿರ ಬಂದು ನಿಂತರು. ಅಷ್ಟರಲ್ಲಿ ಸಂಖ್ಯೆ ಆಯುಧವಾಗಿಬಿಟ್ಟಿತ್ತು. ಸರ್ಬರನ್ನು, ಯಹೂದಿಗಳನ್ನು, ರೋಮಾಗಳನ್ನು ಯುದ್ಧಕಾಲದ ಕ್ರೊಯೇಷಿಯದ ಫ್ಯಾಸಿಸ್ಟ್ ಸರ್ಕಾರ ಕೊಂದ ಯಾಸೆನೊವಾತ್ಸ್ ಶಿಬಿರದಲ್ಲಿ ಸತ್ತವರು 7 ಲಕ್ಷ ಎಂದು ಬೆಲ್‌ಗ್ರೇಡ್‌ನಲ್ಲಿ ಹೇಳಿದರೆ, ತುಜ್‌ಮನ್‌ನಂಥವರು ಅದನ್ನು ತೀರಾ ಕೆಳಕ್ಕೆ ಜಗ್ಗಿದರು. ಸ್ಮಾರಕದವರು ಇಂದು ಹೆಸರು ಸಮೇತ ಗುರುತಿಸಿರುವವರು 83 ಸಾವಿರಕ್ಕೂ ಹೆಚ್ಚು. ಹಳೆಯ ಗಾಯವನ್ನು ಕೆದಕಬಾರದೆಂದು ಮುಚ್ಚಿಟ್ಟರು. ಮುಚ್ಚಿಟ್ಟದ್ದಕ್ಕೇ ಯಾರು ಏನು ಹೇಳಿದರೂ ನಂಬುವ ಜನ ತಯಾರಾದರು.

ಡಬ್ಬಿಗಳಿಗೆ ಬರೋಣ. 1974ರ ಸಂವಿಧಾನ 406 ವಿಧಿಗಳದ್ದು. ಅದರ 333ನೆಯದು ಟಿಟೊನನ್ನು ಹೆಸರು ಹಿಡಿದು, ಅವಧಿಯ ಮಿತಿಯಿಲ್ಲದೆ ಅಧ್ಯಕ್ಷನಾಗಿಸಲು ಇದ್ದ ವಿಧಿ. ಉಳಿದದ್ದೆಲ್ಲ ಅವನ ನಂತರ ಯಾರೂ ಇನ್ನೊಬ್ಬ ಟಿಟೊ ಆಗದಂತೆ ನೋಡಿಕೊಳ್ಳುವ ಏರ್ಪಾಟು. ಎಂಟು ಘಟಕಗಳಿಂದ ಒಬ್ಬೊಬ್ಬರು ಸೇರಿದ ಸಾಮೂಹಿಕ ಅಧ್ಯಕ್ಷ ಮಂಡಳಿ. ಪ್ರತಿ ಮೇ 15ಕ್ಕೆ ಕುರ್ಚಿ ಮುಂದಿನವರಿಗೆ. ಮುಖ್ಯವಾದ ಆರ್ಥಿಕ ತೀರ್ಮಾನಗಳಿಗೆ ಎಂಟೂ ಶಾಸನಸಭೆಗಳ ಒಪ್ಪಿಗೆ. ರಾಯಭಾರಿಯಿಂದ ಬ್ಯಾಂಕಿನ ಆಡಳಿತ ಮಂಡಳಿಯವರೆಗೆ ‘ಕ್ಲ್ಯೂಚ್’ ಅಂದರೆ ಕೀಲಿ, ಜನಾಂಗವಾರು ಹಂಚಿಕೆಯ ಲೆಕ್ಕ. ಬೋಸ್ನಿಯದ ಕಚೇರಿಗಳಲ್ಲಿ ಮುಖ್ಯಸ್ಥ ಮುಸ್ಲಿಮನಾದರೆ ಉಪಮುಖ್ಯಸ್ಥ ಸರ್ಬ್, ಕಾರ್ಯದರ್ಶಿ ಕ್ರೊಯೇಷಿಯನ್. ಅವಧಿ ಮುಗಿದರೆ ಅದಲುಬದಲು.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ, ದೊಡ್ಡ ಜನಾಂಗ ಸಣ್ಣದನ್ನು ನುಂಗದಂತೆ ತಡೆಯಿತು ಕೂಡ. ಕೆಟ್ಟದ್ದು ಎರಡು ಕಡೆ. ಒಂದು ವರ್ಷಕ್ಕೆ ಬಂದವನು ಕೆಲಸ ಕಲಿಯುವಷ್ಟರಲ್ಲಿ ಮೂಟೆ ಕಟ್ಟುತ್ತಾನೆ. ಅವನ ಮುಂದಿನ ಬಡ್ತಿ ಇರುವುದು ತನ್ನೂರಿನ ಪಕ್ಷದ ಕೈಯಲ್ಲಿ. ಹೀಗಾಗಿ ಒಕ್ಕೂಟಕ್ಕೆ ಅಂತ ದುಡಿಯುವವರೇ ಹುಟ್ಟಲಿಲ್ಲ. ಎರಡನೆಯದು, ‘ಯುಗೊಸ್ಲಾವ್’ ಎಂದು ಬರೆಸಿಕೊಂಡವರ ಪಾಡು. ಜನಗಣತಿಯಲ್ಲಿ ಹಾಗೆ ಬರೆಸಿದವರು 1971ರಲ್ಲಿ 2 ಲಕ್ಷ 73 ಸಾವಿರ. 1981ರಲ್ಲಿ 12 ಲಕ್ಷ 19 ಸಾವಿರ. ಹತ್ತು ವರ್ಷದಲ್ಲಿ ನಾಲ್ಕು ಪಟ್ಟು. ಆ ದೇಶವನ್ನೇ ತನ್ನ ಜಾತಿ ಎಂದು ಬಗೆದ ಈ ಜನರಿಗೆ ಕೀಲಿಯಲ್ಲಿ ಪಾಲಿಲ್ಲ. ಅಂಥ ಜನಾಂಗ ಕಾನೂನಿನ ಪ್ರಕಾರ ಇರಲೇ ಇಲ್ಲ.

ಹಣದ ಡಬ್ಬಿ ಇನ್ನೂ ಕ್ಲಿಷ್ಟ. ಹಿಂದುಳಿದ ಭಾಗಗಳಿಗಾಗಿ 1965ರಲ್ಲಿ ಒಂದು ನಿಧಿ ಮಾಡಿದರು. ಪ್ರತಿ ಗಣರಾಜ್ಯವೂ ತನ್ನ ಸಾಮಾಜಿಕ ಒಡೆತನದ ಉದ್ಯಮಗಳ ಉತ್ಪನ್ನದ ಸುಮಾರು ಶೇ. 2ರಷ್ಟನ್ನು ಹಾಕಬೇಕು, ಬೋಸ್ನಿಯ, ಮ್ಯಾಸಿಡೋನಿಯ, ಮಾಂಟೆನಿಗ್ರೊ, ಕೊಸೊವೊ ಪಡೆಯಬೇಕು. ಜನಸಂಖ್ಯೆಯಲ್ಲಿ ಶೇ. 8 ಇದ್ದ ಸ್ಲೊವೇನಿಯದ ಗೊಣಗಾಟ ಇಲ್ಲೇ ಶುರು: ನಾವು ದುಡಿಯುವುದು, ಅವರು ತಿನ್ನುವುದು. ಹದಿನೈದನೇ ಹಣಕಾಸು ಆಯೋಗ ಕರ್ನಾಟಕದ ತೆರಿಗೆ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿದಾಗಿನಿಂದ ಈ ಮಾತಿನ ರಾಗ ನಮಗೂ ಚೆನ್ನಾಗಿ ಗೊತ್ತು. ನಮ್ಮ ಜಗಳ ಪತ್ರಿಕೆಯಲ್ಲಿ, ಕೋರ್ಟಿನಲ್ಲಿ, ಜಂತರ್ ಮಂತರ್‌ನಲ್ಲಿ ನಡೆಯುತ್ತದೆ. ಅಲ್ಲಿ ಅದು ಪಕ್ಷದ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕಿತ್ತು.

ಇಷ್ಟು ಕೊಟ್ಟರೂ ಕೊಸೊವೊ ಮೇಲೇಳಲಿಲ್ಲ. ಐವತ್ತರ ದಶಕದಲ್ಲಿ ಅದರ ತಲಾ ಉತ್ಪನ್ನ ದೇಶದ ಸರಾಸರಿಯ ಅರ್ಧದ ಹತ್ತಿರವಿತ್ತು, ಎಂಬತ್ತರ ಕೊನೆಗೆ ಕಾಲು ಭಾಗದ ಆಸುಪಾಸಿಗೆ ಇಳಿಯಿತು. ಹಣ ಹೋದದ್ದು ಹೆಚ್ಚಾಗಿ ಟ್ರೆಪ್ಚಾದ ಸೀಸ-ಸತುವಿನ ಗಣಿಗೆ, ಒಬಿಲಿಚ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ. ಇವು ಕೋಟಿ ಕೋಟಿ ಬೇಡುವ, ಕೆಲವೇ ಜನರಿಗೆ ಕೆಲಸ ಕೊಡುವ ಉದ್ಯಮಗಳು. ಅವು ಮಾರುವ ಅದಿರಿಗೂ ವಿದ್ಯುತ್ತಿಗೂ ಸರ್ಕಾರವೇ ಅಗ್ಗದ ಬೆಲೆ ಕಟ್ಟಿತ್ತು. ಅವನ್ನು ಕೊಂಡು ಯಂತ್ರ ಮಾಡಿ ಮಾರುವ ಉತ್ತರದವರ ಬೆಲೆಗೆ ಅಂಥ ಕಡಿವಾಣವಿರಲಿಲ್ಲ. ದೇಶದಲ್ಲೇ ಹೆಚ್ಚು ಜನನ ಪ್ರಮಾಣ ಬೇರೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಬೆಲೆಯಲ್ಲಿ ಕಿತ್ತುಕೊಂಡಿತು. ಸ್ಲೊವೇನಿಯದವನಿಗೂ ಕೊಸೊವೊದವನಿಗೂ ತಾನೇ ಸುಲಿಗೆಗೊಳಗಾದೆ ಎನಿಸಿತು, ಇಬ್ಬರ ಬಳಿಯೂ ತೋರಿಸಲು ಲೆಕ್ಕವಿತ್ತು.

ಎಪ್ಪತ್ತರ ದಶಕದಲ್ಲಿ ಗಣರಾಜ್ಯಗಳೂ ಅವುಗಳ ಬ್ಯಾಂಕುಗಳೂ ಹೊರಗಿನಿಂದ ಸಾಲ ತಂದವು, ಒಟ್ಟು ಎಷ್ಟಾಯಿತೆಂದು ಕೂಡಿಸಿ ನೋಡುವ ಅಧಿಕಾರ ಯಾರಿಗೂ ಸರಿಯಾಗಿ ಇರಲಿಲ್ಲ. ದಶಕದ ಆರಂಭದಲ್ಲಿ 2 ಶತಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಸಾಲ 1981ರ ಹೊತ್ತಿಗೆ 20 ಶತಕೋಟಿಯ ಹತ್ತಿರ. ಟಿಟೊ 1980ರ ಮೇ 4ರಂದು ಲ್ಯುಬ್ಲಿಯಾನಾದಲ್ಲಿ ತೀರಿಕೊಂಡ. ಸ್ಪ್ಲಿಟ್‌ನಲ್ಲಿ ನಡೆಯುತ್ತಿದ್ದ ಫುಟ್‌ಬಾಲ್ ಪಂದ್ಯ 41ನೇ ನಿಮಿಷಕ್ಕೆ ನಿಂತಿತು, ಕ್ರೊಯೇಷಿಯದ ತಂಡದವರೂ ಸರ್ಬಿಯದ ತಂಡದವರೂ ಮೈದಾನದಲ್ಲೇ ಅತ್ತರು. ಸಾಲದ ಬಿಲ್ಲು ಬಂದದ್ದು ಅದಾದ ಮೇಲೆ. ಪೆಟ್ರೋಲಿಗೆ ಕೂಪನ್ನು, ಒಂದು ಕಾರಿಗೆ ತಿಂಗಳಿಗೆ 40 ಲೀಟರ್. ಕಾಫಿಪುಡಿಗೆ ಗಡಿಯಾಚೆ ಇಟಲಿಯ ಟ್ರಿಯೆಸ್ಟ್‌ಗೆ ಓಡಬೇಕು. ಆದರೆ 1982ರಿಂದ ಗಡಿ ದಾಟಲು 5,000 ದಿನಾರ್ ಠೇವಣಿ. ಕೆಂಪು ಪಾಸ್‌ಪೋರ್ಟಿನ ಹೆಮ್ಮೆಗೆ ಅಲ್ಲಿಗೆ ಪೆಟ್ಟು ಬಿತ್ತು.

ಹೀಗೆ ಕೆಡುತ್ತಿರುವಾಗ ಸರಿಪಡಿಸಬಲ್ಲವರು ಎಲ್ಲಿದ್ದರು? ಹತ್ತು ವರ್ಷ ಮೊದಲೇ ಮನೆಗೆ ಹೋಗಿದ್ದರು. 1971ರಲ್ಲಿ ಕ್ರೊಯೇಷಿಯದ ಪಕ್ಷದ ನಾಯಕಿ ಸಾವ್ಕಾ ದಬ್ಚೆವಿಚ್-ಕುಚಾರ್ ಮತ್ತು ಸಂಗಡಿಗರು, ಪ್ರವಾಸಿಗರು ತರುವ ವಿದೇಶಿ ಹಣ ತಮ್ಮಲ್ಲೇ ಉಳಿಯಲಿ ಎಂದು ಕೇಳಿದರು. ಬೀದಿಯಲ್ಲಿ ಅದಕ್ಕೆ ಜನಾಂಗದ ಬಾವುಟ ಸೇರಿಕೊಂಡಿತು. ಡಿಸೆಂಬರ್‌ನಲ್ಲಿ ಟಿಟೊ ಅವರನ್ನು ಇಳಿಸಿದ. ಒಬ್ಬರಿಗೆ ಹೊಡೆದರೆ ಇನ್ನೊಬ್ಬರಿಗೂ ಹೊಡೆಯಬೇಕು, ಸಮತೋಲನದ ಲೆಕ್ಕ ತಾನೇ. 1972ರ ಅಕ್ಟೋಬರ್‌ನಲ್ಲಿ ಸರ್ಬಿಯದ ಮಾರ್ಕೊ ನಿಕೆಜಿಚ್, ಲಾತಿಂಕಾ ಪೆರೊವಿಚ್ ಕೆಳಗಿಳಿದರು. ಇವರು ಜನಾಂಗದ ಹೆಸರಲ್ಲಿ ಮಾತಾಡಿದವರೇ ಅಲ್ಲ, ಮಾರುಕಟ್ಟೆ ಮತ್ತು ಆಧುನಿಕ ಆಡಳಿತ ಬೇಕೆಂದವರು. ಆ ಆಡಳಿತದ ಅತಿ ದುಬಾರಿ ತಪ್ಪು ನನ್ನ ಲೆಕ್ಕದಲ್ಲಿ ಇದೇ, ಗೋಲಿ ಓಟೊಕ್‌ಗಿಂತಲೂ. ಆ ದ್ವೀಪದಲ್ಲಿ ಸತ್ತವರು ನೂರಾರು. ಸರ್ಬಿಯದಲ್ಲಿ ನಿಕೆಜಿಚ್‌ನಂಥವರು ಖಾಲಿ ಮಾಡಿದ ಜಾಗಕ್ಕೆ ಹದಿನೈದು ವರ್ಷದ ಮೇಲೆ ಬಂದು ಕೂತವನು ಸ್ಲೊಬೊದಾನ್ ಮಿಲೊಶೆವಿಚ್.

ಮಿಲೊಶೆವಿಚ್ ಮಾಡಿದ್ದು ಸಂವಿಧಾನದ ಲೆಕ್ಕವನ್ನೇ ಹಿಡಿದು. ಮಂಡಳಿಯಲ್ಲಿ ಎಂಟು ಮತ. ಒಂದು ಅವನದೇ. 1988ರ ಅಕ್ಟೋಬರ್‌ನಲ್ಲಿ ಬಸ್ಸುಗಳಲ್ಲಿ ಜನ ತಂದು ವೊಯ್ವೊದಿನದ ನಾಯಕತ್ವ ಉರುಳಿಸಿದ: ಎರಡು. 1989ರ ಜನವರಿಯಲ್ಲಿ ಮಾಂಟೆನಿಗ್ರೊ: ಮೂರು. ಮಾರ್ಚ್‌ನಲ್ಲಿ ಕೊಸೊವೊದ ಸ್ವಾಯತ್ತತೆ ಕಿತ್ತ: ನಾಲ್ಕು. ಸ್ವಾಯತ್ತತೆ ಹೋದರೂ ಮತ ಹೋಗಲಿಲ್ಲ ಎಂಬುದು ಇಡೀ ಆಟದ ಚಮತ್ಕಾರ. ಸರ್ಬಿಯವನ್ನು ಹದ್ದಿನಲ್ಲಿಡಲು ಪ್ರಾಂತ್ಯಗಳಿಗೆ ಕೊಟ್ಟ ಮತಗಳು ಅದರ ಜೇಬಿಗೇ ಬಿದ್ದವು.

1991ರ ಮಾರ್ಚ್ 12ರಂದು ಸೇನೆ ದೇಶದಲ್ಲಿ ತುರ್ತುಸ್ಥಿತಿ ಬೇಕೆಂದು ಕೇಳಿತು. ಮಂಡಳಿಯ ಸಭೆ ನಡೆದದ್ದು ಸೇನೆಯದೇ ಕಟ್ಟಡದಲ್ಲಿ, ಕೊರೆಯುವ ಚಳಿಯಲ್ಲಿ. ಬೇಕಾದ್ದು ಐದು ಮತ. ಬೋಸ್ನಿಯದ ಪ್ರತಿನಿಧಿ ಬೊಗಿಚ್ ಬೊಗಿಚೆವಿಚ್ ಜನಾಂಗದಿಂದ ಸರ್ಬ್. ಅವನು ನಮ್ಮವನೇ ಎಂದು ಮಿಲೊಶೆವಿಚ್ ಕಡೆಯವರು ಲೆಕ್ಕ ಹಾಕಿದ್ದರು. ಅವನು ಆಗದು ಎಂದ. ನಾಲ್ಕಕ್ಕೆ ನಿಂತಿತು. ಎಂಟು ಡಬ್ಬಿಗಳ ಇಡೀ ಕಥೆಯಲ್ಲಿ ಡಬ್ಬಿಗೆ ಹೊರತಾಗಿ ಒಬ್ಬ ಮನುಷ್ಯ ಕಾಣಿಸುವುದು ಇಲ್ಲಿ.

ಬಂದೂಕಿನದು ಚಿಕ್ಕದಾಗಿ. ಸೋವಿಯತ್ ಟ್ಯಾಂಕುಗಳು 1968ರಲ್ಲಿ ಪ್ರಾಗ್‌ಗೆ ನುಗ್ಗಿದ್ದನ್ನು ಕಂಡು ಟಿಟೊ ಮರುವರ್ಷ ಪ್ರತಿ ಗಣರಾಜ್ಯಕ್ಕೂ ಪ್ರಾದೇಶಿಕ ರಕ್ಷಣಾ ಪಡೆ ಕೊಟ್ಟ. ಹೊರಗಿನಿಂದ ಯಾರಾದರೂ ಬಂದರೆ ಹಳ್ಳಿ ಹಳ್ಳಿಯೂ ಕಾದಾಡಲೆಂದು ಊರೂರಿನ ಕೋಠಿಗಳಲ್ಲಿ ಶಸ್ತ್ರ ತುಂಬಿಸಿದ. ಹೊರಗಿನಿಂದ ಯಾರೂ ಬರಲಿಲ್ಲ. 1990ರ ಮೇನಲ್ಲಿ ಸೇನೆ ಆ ಶಸ್ತ್ರಗಳನ್ನು ವಾಪಸು ಎತ್ತಿಕೊಳ್ಳತೊಡಗಿದಾಗ ಸ್ಲೊವೇನಿಯ ಒಂದಷ್ಟನ್ನು ಬಚ್ಚಿಟ್ಟುಕೊಂಡಿತು, ಮರುವರ್ಷದ ಹತ್ತು ದಿನದ ಯುದ್ಧಕ್ಕೆ ಅದು ಸಾಕಾಯಿತು. ಬೋಸ್ನಿಯಕ್ಕೆ ಅಂಥ ಅದೃಷ್ಟವಿರಲಿಲ್ಲ. ಅಲ್ಲಿ 1992ರಿಂದ 1995ರವರೆಗೆ ಸುಮಾರು ಒಂದು ಲಕ್ಷ ಜನ ಸತ್ತರು.

ಮತದಾನ ಬಂದಾಗಲೂ ಡಬ್ಬಿಗಳ ಪ್ರಕಾರವೇ ಬಂತು. 1990ರಲ್ಲಿ ಸ್ಲೊವೇನಿಯ ಮತ್ತು ಕ್ರೊಯೇಷಿಯ ವಸಂತದಲ್ಲಿ, ಬೋಸ್ನಿಯ ನವೆಂಬರ್‌ನಲ್ಲಿ, ಸರ್ಬಿಯ ಡಿಸೆಂಬರ್‌ನಲ್ಲಿ ಚುನಾವಣೆ ನಡೆಸಿದವು. ಇಡೀ ದೇಶಕ್ಕೆ ಒಂದು ಬಹುಪಕ್ಷ ಚುನಾವಣೆ ನಡೆಯಲೇ ಇಲ್ಲ. ಒಕ್ಕೂಟದ ಪ್ರಧಾನಿ ಆಂತೆ ಮಾರ್ಕೊವಿಚ್ ಹತ್ತು ಸಾವಿರ ಹಳೆ ದಿನಾರ್‌ಗೆ ಒಂದು ಹೊಸದು ಮಾಡಿ, ಏಳು ದಿನಾರ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ಕಟ್ಟಿ, ಭೂತಾಕಾರದ ಹಣದುಬ್ಬರ ಇಳಿಸಿದ್ದ. ಜನರಿಗೆ ಇಷ್ಟವಾಗಿದ್ದ. ಅವನಿಗೆ ಮತ ಹಾಕಲು ಒಂದು ಮತಪೆಟ್ಟಿಗೆ ಬೇಕಿತ್ತಲ್ಲ. ಅವನು ಪಕ್ಷ ಕಟ್ಟುವ ಹೊತ್ತಿಗೆ ಎರಡು ಗಣರಾಜ್ಯಗಳಲ್ಲಿ ಎಣಿಕೆಯೂ ಮುಗಿದಿತ್ತು.

ದೇಶ ಹೋಯಿತು, ಡಬ್ಬಿಗಳು ಉಳಿದವು. ಯುಗೊಸ್ಲಾವಿಯದ ಪ್ರತಿ ಪ್ರಜೆಗೂ ಒಕ್ಕೂಟದ ಪೌರತ್ವದ ಜೊತೆ ಒಂದು ಗಣರಾಜ್ಯದ ಪೌರತ್ವವೂ ಇತ್ತು. ಯಾವುದಕ್ಕೂ ಬಳಕೆಯಾಗದ ಅದನ್ನು ಬಹಳ ಜನ ಗಮನಿಸಿರಲೂ ಇಲ್ಲ. ಸ್ವತಂತ್ರವಾದ ಸ್ಲೊವೇನಿಯ, ಬೇರೆ ಗಣರಾಜ್ಯದ ಪೌರತ್ವವಿದ್ದ ನಿವಾಸಿಗಳು ಆರು ತಿಂಗಳಲ್ಲಿ ಅರ್ಜಿ ಹಾಕಬೇಕೆಂದಿತು. ಹಾಕದವರ, ತಿರಸ್ಕೃತರಾದವರ ಹೆಸರನ್ನು 1992ರ ಫೆಬ್ರವರಿ 26ರಂದು ಕಾಯಂ ನಿವಾಸಿಗಳ ದಫ್ತರಿನಿಂದ ಸದ್ದಿಲ್ಲದೆ ತೆಗೆಯಿತು. ಒಟ್ಟು 25,671 ಮಂದಿ. ಬೇರೆ ಯಾವುದೋ ಕೆಲಸಕ್ಕೆ ಕಚೇರಿಗೆ ಹೋದವರ ಗುರುತಿನ ಚೀಟಿಗೆ ಗುಮಾಸ್ತರು ತೂತು ಹೊಡೆದು ವಾಪಸು ಕೊಟ್ಟಾಗಲೇ ಹಲವರಿಗೆ ವಿಷಯ ಗೊತ್ತಾದದ್ದು. ಕೆಲಸ, ಪಿಂಚಣಿ, ಆಸ್ಪತ್ರೆ ಎಲ್ಲವೂ ಆ ಒಂದು ತೂತಿನಲ್ಲಿ ಹೋದವು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪೆಂದು ಅಂತಿಮವಾಗಿ ಹೇಳಿದ್ದು 2012ರಲ್ಲಿ.

ಹದಿಮೂರಂಕಿಯ ಸಂಖ್ಯೆಯನ್ನು ಕ್ರೊಯೇಷಿಯ 2009ರಲ್ಲಿ ಬಳಕೆಯಿಂದ ಬದಿಗಿಟ್ಟಿತು. ಸ್ಲೊವೇನಿಯ, ಸರ್ಬಿಯ, ಮಾಂಟೆನಿಗ್ರೊ, ಉತ್ತರ ಮ್ಯಾಸಿಡೋನಿಯ, ಬೋಸ್ನಿಯ ಈಗಲೂ ಇಟ್ಟುಕೊಂಡಿವೆ. 2013ರ ಫೆಬ್ರವರಿಯಲ್ಲಿ ಬೋಸ್ನಿಯದ ಹಳೆಯ ಸಂಖ್ಯಾ ಕಾನೂನು ರದ್ದಾಯಿತು, ಹೊಸದಕ್ಕೆ ಸಂಸತ್ತಿನಲ್ಲಿ ಒಮ್ಮತ ಬರಲಿಲ್ಲ. ನೋಂದಣಿ ವಲಯಗಳು ಹಿಂದಿನಂತೆಯೇ ಇರಲಿ ಎಂದು ಕೆಲವರು. ಯುದ್ಧಾನಂತರ ಸರ್ಬ್ ಭಾಗಕ್ಕೂ ಉಳಿದ ಭಾಗಕ್ಕೂ ನಡುವೆ ಎಳೆದ ಗೆರೆಗೆ ಸರಿಯಾಗಿ ವಲಯಗಳನ್ನು ಕೊಯ್ಯಬೇಕು ಎಂದು ಸರ್ಬ್ ಪ್ರತಿನಿಧಿಗಳು. ಎತ್ತು ಏರಿಗೆ, ಕೋಣ ನೀರಿಗೆ. ಅಷ್ಟರಲ್ಲಿ ಹುಟ್ಟಿದ ಮಕ್ಕಳಿಗೆ ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದೆ ಪಾಸ್‌ಪೋರ್ಟಿಲ್ಲ. ಚಿಕಿತ್ಸೆಗೆ ವಿದೇಶಕ್ಕೆ ಕರೆದೊಯ್ಯಬೇಕಿದ್ದ ಮೂರು ತಿಂಗಳ ಹಸುಗೂಸು ಗಡಿ ದಾಟಲಾಗದೆ ಉಳಿಯಿತು. ಜೂನ್‌ನಲ್ಲಿ ಸರಾಯೆವೊದ ಅಪ್ಪ ಅಮ್ಮಂದಿರು ಮಕ್ಕಳ ತಳ್ಳುಗಾಡಿಗಳೊಂದಿಗೆ ಬಂದು ಸಂಸತ್ ಭವನವನ್ನು ಸುತ್ತುವರಿದರು. ಸದಸ್ಯರು ಮಧ್ಯರಾತ್ರಿ ದಾಟಿದರೂ ಹೊರಬರಲಾಗಲಿಲ್ಲ. ಒಳಗೆ ತೀರ್ಮಾನವಾಗದೆ ಉಳಿದದ್ದು ಎಂಟನೇ ಮತ್ತು ಒಂಬತ್ತನೇ ಅಂಕಿ.